ಹಳೆ ಕಾರಿನ ಮುಂದಿನ ಕಟಕ್ ಸದ್ದು: ಬುಶ್ ಬಿಗಿಯುವ ಎತ್ತರ ಮುಖ್ಯ

ಹುಬ್ಬಳ್ಳಿಯ ಉಣಕಲ್ ಕಡೆ ಹಂಪ್ ಇಳಿಯುವಾಗ ಮುಂದಿನ ಎಡ ಗಾಲಿಯ ಬಳಿ ಕಟಕ್ ಸದ್ದು, ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆತ, ಟೈರಿನ ಒಳ ಅಂಚು ಸವೆತ.

ಶಾಕ್ ಅಬ್ಸಾರ್ಬರ್ ಬದಲಿಸಿದರೂ ಹೋಗಲಿಲ್ಲ, ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸರಳಿಗೆ ಜೋಡಿಸುವ ಕಡ್ಡಿ) ಬದಲಿಸಿದರೂ ಇಲ್ಲ. ಎರಡು ಸಲ ಮಾಡಿಸಿದ ಅಲೈನ್‌ಮೆಂಟ್ (ಗಾಲಿಗಳ ಕೋನ ಸರಿಪಡಿಸುವುದು) ದಂಡ. ಬುಶ್, ಅಂದರೆ ಬೋಲ್ಟ್ ಹಾಯುವ ಲೋಹದ ಕೊಳವೆಯ ಸುತ್ತ ಕೂರುವ ರಬ್ಬರ್ ತುಂಡು, ಸಡಿಲವಿದ್ದರೆ ಅಲೈನ್‌ಮೆಂಟ್ ಉಳಿಯುವುದೇ ಇಲ್ಲ. ಲೋವರ್ ಆರ್ಮ್‌ಗೆ (ಗಾಲಿಯನ್ನು ಗಾಡಿಯ ಅಡಿಗೆ ಜೋಡಿಸುವ ಕೆಳಗಿನ ತೋಳು) ಹೊಸ ಬುಶ್ ಹಾಕಿದಾಗ ಸದ್ದು ನಿಂತಿತು, ಮೂರೇ ತಿಂಗಳಲ್ಲಿ ಮರಳಿತು. ಬಿಚ್ಚಿ ನೋಡಿದರೆ ಒಳಗಿನ ಕೊಳವೆಯ ಸುತ್ತ ರಬ್ಬರ್ ಹರಿದಿತ್ತು. ಗಾಲಿ ಜೋತಾಡುವಾಗಲೇ ಬೋಲ್ಟ್ ಬಿಗಿದದ್ದೇ ಕಾರಣ. ಬಿಗಿದೊಡನೆ ಆ ಕೊಳವೆ ಬ್ರಾಕೆಟ್‌ಗೆ ಕಚ್ಚಿ ನಿಲ್ಲುತ್ತದೆ. ಗಾಡಿ ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ.

ಆದ್ದರಿಂದ ಮೊದಲು ಸಮ ನೆಲದಲ್ಲಿ ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ಈ ಗಾಡಿಯಲ್ಲಿ ಆ ಎತ್ತರ 36 ಸೆಂ.ಮೀ. ಇತ್ತು. ಬೋಲ್ಟ್‌ಗಳಿಗೆ ಅಂಟಿದ ಎರೆಮಣ್ಣು ಕೆರೆದು, ತುಕ್ಕು ಬಿಡಿಸುವ ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಹೊಡೆದಿಡಿ. ಗಾಡಿ ಸ್ಟ್ಯಾಂಡ್ ಮೇಲಿರಲಿ, ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ. ಹೊಸ ಬುಶ್‌ಗೆ ಸೋಪ್ ನೀರು ಹಚ್ಚಿ ವೈಸ್‌ನಲ್ಲಿ ಒತ್ತಿ. ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಆರ್ಮ್ ಮತ್ತೆ ಕೂರಿಸುವಾಗ ಬುಶ್ ಬೋಲ್ಟ್ ಕೈಬಿಗಿ ಮಾತ್ರ. ಬಾಲ್ ಜಾಯಿಂಟ್ (ಆರ್ಮ್‌ನ ಗಾಲಿ ತುದಿಯ ಗುಂಡು ಕೀಲು) ಪೂರ್ತಿ ಬಿಗಿದು, ಲಿಂಕ್ ರಾಡ್ ಬಿಚ್ಚಿಟ್ಟು, ಬಾಲ್ ಜಾಯಿಂಟ್ ಅಡಿಯಿಂದ ಆರ್ಮ್ ಅನ್ನು ಜ್ಯಾಕ್‌ನಿಂದ ನಿಧಾನ ಎತ್ತಿ. ಟೇಪಿನಲ್ಲಿ ಅದೇ 36 ಬಂದಾಗ ಬುಶ್ ಬೋಲ್ಟ್‌ಗೆ ಟಾರ್ಕ್ ಪಾನಾ (ಎಷ್ಟು ಬಿಗಿ ಎಂದು ಅಳೆಯುವ ಪಾನಾ) ಹಾಕಿ, ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಿರಿ. ಅಲೈನ್‌ಮೆಂಟ್ ಇದಾದ ಮೇಲೆಯೇ.