ರಿಪೋರ್ಟಿನಲ್ಲಿ ‘ಹಿಮ್ಯಾಂಜಿಯೋಮ’ ಎಂದಿದ್ದರೆ ಸಾಲದು

ಹತ್ತು ವರ್ಷದ ಹುಡುಗನ ತೊಡೆಯ ನೀಲಿ ಗಂಟಿಗೂ ಎರಡು ತಿಂಗಳ ಕೂಸಿನ ಕೆನ್ನೆಯ ಕೆಂಪು ಗಂಟಿಗೂ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಒಂದೇ ಹೆಸರು ಬಂದಿರುತ್ತದೆ: ಹಿಮ್ಯಾಂಜಿಯೋಮ. ಕೂಸಿನದು ಕೋಶಗಳು ನಿಜವಾಗಿ ವೃದ್ಧಿಯಾಗುತ್ತಿರುವ ಗಡ್ಡೆ, ಅದೇ ನಿಜವಾದ ಹಿಮ್ಯಾಂಜಿಯೋಮ. ಹುಡುಗನದು ಬಹುಮಟ್ಟಿಗೆ ಗರ್ಭದಲ್ಲೇ ತಪ್ಪಾಗಿ ರೂಪುಗೊಂಡ ರಕ್ತನಾಳಗಳ ಗೋಜಲು, ಅಂದರೆ ಮಾಲ್‌ಫಾರ್ಮೇಶನ್. ಸಂಶೋಧಕರಾದ ಮಲ್ಲಿಕನ್ ಮತ್ತು ಗ್ಲೋವಾಕಿ 1982ರಲ್ಲೇ ಇವೆರಡನ್ನು ಬೇರ್ಪಡಿಸಿದರು. ಆದರೂ ಹಳೆಯ ಹೆಸರು ರಿಪೋರ್ಟುಗಳನ್ನು ಬಿಟ್ಟು ಹೋಗಿಲ್ಲ. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಹಿಮ್ಯಾಂಜಿಯೋಮಕ್ಕೆ ಕೊಡುವ, ನಾಡಿ ಮತ್ತು ರಕ್ತದೊತ್ತಡ ಇಳಿಸುವ ಔಷಧ ಪ್ರೊಪ್ರನೊಲಾಲ್ ಮಾಲ್‌ಫಾರ್ಮೇಶನ್ನನ್ನು ಕರಗಿಸುವುದಿಲ್ಲ.

ನಾನು ಮೊದಲು ಕೇಳುವುದು ಮೊಬೈಲಿನ ಫೋಟೋ. ಹುಟ್ಟಿದ ದಿನದ್ದು, ನಾಮಕರಣದ್ದು, ಮೊನ್ನೆಯದು. ತಾರೀಖು ಅದರಲ್ಲೇ ಇರುತ್ತದೆ, ಯಾರ ನೆನಪನ್ನೂ ನಂಬಬೇಕಿಲ್ಲ. ಹಿಮ್ಯಾಂಜಿಯೋಮ ಹುಟ್ಟುವಾಗ ಕಾಣುವುದೇ ಇಲ್ಲ, ಇಲ್ಲವೇ ಬಿಳಿಚಿದ ಕಲೆಯಂತಿರುತ್ತದೆ. ಮೊದಲ ವಾರಗಳಲ್ಲಿ ಕೆಂಪಾಗಿ ಮೇಲೆದ್ದು, ಮೂರು ತಿಂಗಳೊಳಗೆ ಓಡಿ ಬೆಳೆಯುತ್ತದೆ. ಹುಟ್ಟುವಾಗಲೇ ಪೂರ್ತಿ ಬೆಳೆದಿದ್ದರೆ ಅದು ಜನ್ಮಜಾತ ಹಿಮ್ಯಾಂಜಿಯೋಮ, ಅದಕ್ಕೂ ಪ್ರೊಪ್ರನೊಲಾಲ್ ಫಲ ಕೊಡುವುದಿಲ್ಲ. ಮಾಲ್‌ಫಾರ್ಮೇಶನ್ ಮಗು ಬೆಳೆದಷ್ಟೇ ಬೆಳೆಯುತ್ತದೆ, ತಾನಾಗಿ ಕರಗುವುದಿಲ್ಲ.

ಆಮೇಲೆ ಕೈ. ಒತ್ತಿದರೆ ಚಪ್ಪಟೆಯಾಗಿ, ಮಗು ಅತ್ತಾಗ ಅಥವಾ ಗಂಟಿರುವ ಭಾಗ ಕೆಳಗೆ ಜೋತಾಗ ಉಬ್ಬುವುದು ವೀನಸ್ (ಸಿರೆಗಳ) ಮಾಲ್‌ಫಾರ್ಮೇಶನ್. ಒಳಗೆ ಬಟಾಣಿ ಕಾಳಿನಂಥ ಗಟ್ಟಿ ಹರಳು ಸಿಕ್ಕಿದರೆ, ಎಕ್ಸ್‌ರೇಯಲ್ಲಿ ದುಂಡಗೆ ಬಿಳಿಯಾಗಿ ಕಂಡರೆ, ಅನುಮಾನ ಬೇಡ. ಅದಕ್ಕೆ ಸ್ಕ್ಲೀರೋಥೆರಪಿ (ಸೂಜಿಯಿಂದ ಔಷಧ ಹಾಕಿ ನಾಳ ಮುಚ್ಚಿಸುವುದು), ವ್ಯಾಪಕವಾಗಿದ್ದರೆ ಸಿರೋಲಿಮಸ್ ಎಂಬ ಔಷಧ. ಶೀತ ಬಂದಾಗ ದಪ್ಪವಾಗುವ, ಟಾರ್ಚ್ ಹಿಡಿದರೆ ಬೆಳಕು ದಾಟುವ ಮೆತ್ತನೆಯ ಗಂಟು ದುಗ್ಧನಾಳದ (ಲಿಂಫ್ಯಾಟಿಕ್) ಮಾಲ್‌ಫಾರ್ಮೇಶನ್.

ಮುಟ್ಟಿದರೆ ಬಿಸಿ, ಬೆರಳಿಗೆ ಝುಮ್ಮೆನ್ನುವ ಕಂಪನ, ಸ್ಟೆತೊಸ್ಕೋಪಿಟ್ಟರೆ ಹರಿಯುವ ಸದ್ದು: ಇದು ಧಮನಿ ನೇರವಾಗಿ ಸಿರೆಗೆ ಸೇರಿಕೊಂಡ ಆರ್ಟೀರಿಯೋವೀನಸ್ ಮಾಲ್‌ಫಾರ್ಮೇಶನ್. ಸೂಜಿ ಹಾಕಬಾರದು. ಅದಕ್ಕೆ ರಕ್ತ ತರುವ ಧಮನಿಯನ್ನು ಕಟ್ಟಿಸಲೂಬಾರದು. ಕಟ್ಟಿದ ಕೂಡಲೇ ಸುತ್ತಲಿಂದ ಹೊಸ ನಾಳಗಳು ಬಂದು ಸೇರುತ್ತವೆ, ಮುಂದೆ ನಾಳವನ್ನು ಒಳಗಿನಿಂದ ಮುಚ್ಚುವ ಎಂಬೊಲೈಸೇಶನ್‌ಗೆ ಕ್ಯಾಥೆಟರ್ ಹೋಗಬೇಕಾದ ದಾರಿಯೇ ಮುಚ್ಚಿರುತ್ತದೆ.

ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನ ಚೀಟಿಯಲ್ಲಿ ‘ಗಂಟು’ ಎಂದಷ್ಟೇ ಬರೆದರೆ ಉತ್ತರವೂ ಹಾಗೇ ಬರುತ್ತದೆ. ಎರಡು ಪ್ರಶ್ನೆ ಬರೆಯುತ್ತೇನೆ: ಹರಿವು ವೇಗವೋ ನಿಧಾನವೋ? ಗಟ್ಟಿ ಮಾಂಸದ ಭಾಗ ಇದೆಯೋ ಇಲ್ಲವೋ? ಬೆಳೆಯುವ ಹಂತದ ಹಿಮ್ಯಾಂಜಿಯೋಮದಲ್ಲೂ ಹರಿವು ವೇಗವಾಗಿಯೇ ಇರುತ್ತದೆ. ಆರ್ಟೀರಿಯೋವೀನಸ್‌ನಿಂದ ಅದನ್ನು ಬೇರೆ ಮಾಡುವುದು ಆ ಗಟ್ಟಿ ಭಾಗ.

ನೇರಳೆ ಬಣ್ಣ, ಕಲ್ಲಿನ ಗಡಸು, ಸುತ್ತ ರಕ್ತದ ಚುಕ್ಕೆಗಳಿದ್ದರೆ ಅದೇ ದಿನ ಪ್ಲೇಟ್‌ಲೆಟ್ ಮತ್ತು ಫೈಬ್ರಿನೊಜೆನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ನೋಡಬೇಕು. ಗಡ್ಡೆಯೇ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟು ರಕ್ತದಲ್ಲಿ ಅವು ಕುಸಿಯುವ ಈ ಕಸಬಾಕ್-ಮೆರಿಟ್ ತೊಡಕು ಸಾಮಾನ್ಯ ಹಿಮ್ಯಾಂಜಿಯೋಮದಲ್ಲಿ ಬರುವುದಿಲ್ಲ. ಈ ತೊಡಕಿನಲ್ಲಿ ಸಂಖ್ಯೆ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಏರಿಸಿದರೆ ಅವು ಗಡ್ಡೆಯೊಳಗೇ ಸಿಕ್ಕಿಕೊಂಡು ಗಡ್ಡೆ ಇನ್ನಷ್ಟು ಊದುತ್ತದೆ.

ಹಿಮ್ಯಾಂಜಿಯೋಮ ಖಚಿತವಾದರೂ ಎಲ್ಲಕ್ಕೂ ಮಾತ್ರೆ ಬೇಡ. ಬೆನ್ನಿನ ಮೇಲಿನ ಸಣ್ಣದನ್ನು ಬಿಟ್ಟುಬಿಡಬಹುದು. ತೆಳ್ಳಗೆ ಹರಡಿದ್ದಕ್ಕೆ 0.5% ಟಿಮೊಲಾಲ್ ಕಣ್ಣಿನ ಹನಿ, ಗಂಟಿನ ಚರ್ಮದ ಮೇಲೆ ದಿನಕ್ಕೆರಡು ಬಾರಿ ಒಂದೊಂದು ಹನಿ. ಹುಣ್ಣಾದ ಜಾಗಕ್ಕೆ ಬೇಡ, ರಕ್ತಕ್ಕೆ ಇಳಿಯುತ್ತದೆ. ಕಾಯಬಾರದ್ದು ರೆಪ್ಪೆ, ಮೂಗಿನ ತುದಿ, ತುಟಿ. ಗಡ್ಡ ಬೆಳೆಯುವ ಜಾಗದಲ್ಲಿದ್ದು ಉಸಿರಿನಲ್ಲಿ ಸದ್ದಿದ್ದರೆ ಶ್ವಾಸನಾಳದೊಳಗೂ ಇರಬಹುದು. ಮೈಮೇಲೆ 5 ಅಥವಾ ಹೆಚ್ಚಿದ್ದರೆ ಯಕೃತ್ತಿನ ಅಲ್ಟ್ರಾಸೌಂಡ್. ಮುಖದ ದೊಡ್ಡ ಭಾಗ ಆವರಿಸಿದ್ದರೆ ಔಷಧಕ್ಕೆ ಮೊದಲು ಹೃದಯದ ಎಕೋ, ಮಿದುಳು ಮತ್ತು ಕುತ್ತಿಗೆಯ ರಕ್ತನಾಳ ನೋಡುವ ಎಂಆರ್ ಆಂಜಿಯೋ ಸ್ಕ್ಯಾನ್. ಮಿದುಳಿನ ಧಮನಿ ಕಿರಿದಾಗಿದ್ದರೆ ರಕ್ತದೊತ್ತಡ ಇಳಿಸುವುದು ಅಪಾಯ.

ಪ್ರೊಪ್ರನೊಲಾಲ್ ಹಿಮ್ಯಾಂಜಿಯೋಮವನ್ನು ಕುಗ್ಗಿಸುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ಬೋರ್ಡೋದಿಂದ ವರದಿಯಾಯಿತು. ನಾನು ಕೆಜಿಗೆ ದಿನಕ್ಕೆ 1 ಮಿಗ್ರಾಂನಿಂದ ಶುರುಮಾಡಿ, ವಾರದ ನಂತರ 2ಕ್ಕೆ ಏರಿಸುತ್ತೇನೆ. ದಿನಕ್ಕೆರಡು ಸಲ, ನಡುವೆ ಕನಿಷ್ಠ 9 ಗಂಟೆ. 5 ಕೆಜಿ ಕೂಸಿಗೆ ಮೊದಲ ವಾರ 2.5 ಮಿಗ್ರಾಂ ಎರಡು ಸಲ, ಆಮೇಲೆ 5 ಮಿಗ್ರಾಂ ಎರಡು ಸಲ. ಮೊದಲ ಡೋಸ್ ಕೊಟ್ಟಾಗ ಮತ್ತು ಏರಿಸಿದಾಗ 1 ಗಂಟೆ, 2 ಗಂಟೆಗೆ ನಾಡಿ, ರಕ್ತದೊತ್ತಡ ನೋಡದೆ ಮನೆಗೆ ಕಳಿಸುವುದಿಲ್ಲ. ನಾಡಿ 80ಕ್ಕಿಂತ ಕಡಿಮೆ ಇದ್ದರೆ, ವೀಜಿಂಗ್ (ಉಸಿರಾಟದಲ್ಲಿ ಸುಂಯ್ ಎನ್ನುವ ಸದ್ದು) ಇದ್ದರೆ ಶುರುವೇ ಮಾಡುವುದಿಲ್ಲ.

ಮಕ್ಕಳ ಸಿರಪ್ ಸಿಗದಿದ್ದಾಗ ಸಾದಾ 10 ಮಿಗ್ರಾಂ ಮಾತ್ರೆ. ಎರಡು ಸ್ಟೀಲ್ ಚಮಚಗಳ ನಡುವೆ ನುಣ್ಣಗೆ ಪುಡಿಮಾಡಿ, ಕುದಿಸಿ ಆರಿಸಿದ 10 ಎಂಎಲ್ ನೀರಿಗೆ ಹಾಕಿ ಕಲಕಬೇಕು. 1 ಎಂಎಲ್‌ಗೆ 1 ಮಿಗ್ರಾಂ ಲೆಕ್ಕ. ಪುಡಿ ತಳಕ್ಕೆ ಕೂರುವ ಮೊದಲೇ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದುಕೊಳ್ಳಬೇಕು. ಉಳಿದದ್ದನ್ನು ಚೆಲ್ಲಬೇಕು, ಸಂಜೆಗೆ ಇಡುವುದಲ್ಲ. ನಿಧಾನವಾಗಿ ಬಿಡುಗಡೆಯಾಗುವ ‘ಎಲ್‌ಎ’ ಮಾತ್ರೆಯನ್ನು ಪುಡಿ ಮಾಡಲೇಬಾರದು. ಅಂಗಡಿಯವರು ಅದನ್ನೇ ಕೊಟ್ಟಿರಬಹುದು, ಆದ್ದರಿಂದ ಮಾತ್ರೆಯ ಸ್ಟ್ರಿಪ್ಪನ್ನು ನಾನೇ ನೋಡಿ ಗುರುತು ಹಾಕುತ್ತೇನೆ. ಅಳತೆ ಮನೆಯ ಚಮಚದಲ್ಲಲ್ಲ. ಅಂದಾಜಿನ ‘ಅರ್ಧ ಚಮಚ’ವೇ ಇಲ್ಲಿ ಹೆಚ್ಚು ಕೆಡಿಸುವುದು.

ಹೆಚ್ಚಿನ ಭಯ ನಾಡಿಯದಲ್ಲ, ಸಕ್ಕರೆ ಇಳಿಯುವುದರದು. ಹಾಲು ಕುಡಿದ ಮೇಲೆ ಅಥವಾ ಕುಡಿಯುತ್ತಿರುವಾಗಲೇ ಔಷಧ. 6 ವಾರದೊಳಗಿನ ಕೂಸು 4 ಗಂಟೆಗಿಂತ, 4 ತಿಂಗಳೊಳಗಿನದು 5 ಗಂಟೆಗಿಂತ ಹೆಚ್ಚು ಹೊತ್ತು ಹಾಲಿಲ್ಲದೆ ಮಲಗಬಾರದು, ಎಬ್ಬಿಸಿ ಕುಡಿಸಿ. ಸಕ್ಕರೆ ಇಳಿದಾಗ ಬರುವ ನಡುಕವನ್ನು ಈ ಔಷಧವೇ ಮರೆಮಾಚುತ್ತದೆ. ಉಳಿಯುವ ಗುರುತು ತಣ್ಣನೆಯ ಬೆವರು, ಮಂಪರು, ಜೋಲುಬಿದ್ದ ಕೈಕಾಲು. ವಾಂತಿಭೇದಿ, ಜ್ವರ, ಹಾಲು ಬಿಟ್ಟ ದಿನ ಡೋಸ್ ಬಿಡಿ. ಕೊಟ್ಟ ಮೇಲೆ ವಾಂತಿಯಾದರೆ ಮತ್ತೆ ಕೊಡಬೇಡಿ. ಕೆಮ್ಮಿನ ಜೊತೆ ಗೊರಗೊರ ಸದ್ದು ಬಂದರೂ ನಿಲ್ಲಿಸಿ, ಏಕೆಂದರೆ ಆಗ ನೆಬ್ಯುಲೈಸರಿನ ಸಾಲ್ಬುಟಮಾಲ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಕೂಸು ತೂಕ ಹಾಕಿದಂತೆ ಡೋಸ್ ಹೆಚ್ಚಿಸಬೇಕು. ‘ಔಷಧ ಹಿಡಿಯುತ್ತಿಲ್ಲ’ ಎಂದು ಬರುವವರಲ್ಲಿ ಅನೇಕರು ಎರಡು ತಿಂಗಳ ಹಿಂದಿನ ತೂಕದ ಡೋಸನ್ನೇ ಕೊಡುತ್ತಿರುತ್ತಾರೆ. ಕನಿಷ್ಠ 6 ತಿಂಗಳು, ಹೆಚ್ಚಿನವರಿಗೆ ವರ್ಷ ತುಂಬುವವರೆಗೆ ಮುಂದುವರಿಸಿ, ನಂತರ ಎರಡು ವಾರ ಅರ್ಧ ಡೋಸ್ ಕೊಟ್ಟು ನಿಲ್ಲಿಸುತ್ತೇನೆ. ಮತ್ತೆ ಕೆಂಪೇರಿ ದಪ್ಪವಾದರೆ ಇನ್ನು ಕೆಲವು ತಿಂಗಳು. ಜೋಲುಬಿದ್ದ ಚರ್ಮ ಉಳಿದರೆ ಸಾಮಾನ್ಯವಾಗಿ 3ರಿಂದ 5 ವರ್ಷದ ನಡುವೆ ಶಸ್ತ್ರಚಿಕಿತ್ಸೆ. ಅದಕ್ಕೆ ಮೊದಲು ಕತ್ತರಿಸಿದರೆ ತಾನಾಗಿ ಕುಗ್ಗಬಹುದಾಗಿದ್ದ ಭಾಗವನ್ನೂ ಸೇರಿಸಿ ಉದ್ದ ಗಾಯ ಮಾಡಿದಂತಾಗುತ್ತದೆ.