ಬಾಡಿಗೆ ಎಐ ಮಾಡೆಲ್ ಮೇಲೆ ನಿಂತ ಕಂಪನಿಗೆ ಒಳ್ಳೆ ಬೆಲೆ ಬಂದದ್ದು ಹೇಗೆ

ದಲಾಲಿ ಅಂಗಡಿಯ ಕೈಬರಹದ ಚೀಟಿಯನ್ನು ಫೋಟೊ ಹೊಡೆದರೆ ರೈತನ ಹೆಸರು, ಚೀಲ, ತೂಕ, ದರ, ಹಮಾಲಿ ಎಲ್ಲ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಗೆ ಹೋಗಬೇಕು. ಹುಬ್ಬಳ್ಳಿಯಲ್ಲಿ ನಾವು ಕಟ್ಟಿದ ಕಂಪನಿಯ ಕೆಲಸ ಇದು. ಚೀಟಿ ಓದುವುದು ಎಐ. ಆ ಎಐ ಮಾಡೆಲ್ ನಮ್ಮದಲ್ಲ, ಬೇರೆಯವರಿಂದ ಬಾಡಿಗೆಗೆ ಪಡೆದದ್ದು. ಹಾಗಾಗಿ ನಮ್ಮ ಕಂಪನಿಯನ್ನು ಕೊಳ್ಳಲು ಬಂದವರು ಮೊದಲು ಕೇಳಿದ್ದೇ, ‘ಇದೇ ಮಾಡೆಲ್ ನಮಗೂ ಸಿಗುತ್ತೆ ಅಲ್ವಾ? ನಿಮ್ಮ ಹತ್ತಿರ ಏನಿದೆ?’

ನಮ್ಮ ಹತ್ತಿರ ಇದ್ದದ್ದು ತಿದ್ದಿದ ಚೀಟಿಗಳು. ಬ್ಯಾಡಗಿಯಲ್ಲಿ ಗುಮಾಸ್ತರು ಕಡ್ಡಿ, ಡಬ್ಬಿ ಮೆಣಸಿನಕಾಯಿಯನ್ನು ಒಂದೊಂದೇ ಅಕ್ಷರದಲ್ಲಿ ಬರೆದುಬಿಡುತ್ತಾರೆ. ಮಾಡೆಲ್ ತಪ್ಪು ಓದಿದಾಗ ಸರಿ ಮಾಡಿದ್ದೂ ಅವರೇ. ಆ ತಿದ್ದುಪಡಿಗಳನ್ನೆಲ್ಲ ಜೋಡಿಸಿ ಪರೀಕ್ಷೆಗೆ ಇಟ್ಟುಕೊಂಡೆವು. ಮಾಡೆಲ್ ಬದಲಿಸಿ, ಅದೇ ಚೀಟಿಗಳನ್ನು ಕೊಳ್ಳುವವರ ಎದುರೇ ಓದಿಸಿ ತೋರಿಸಿದೆವು. ಯಾರ ಮಾಡೆಲ್ ದರ ಏರಿಸಿದರೂ ನಮ್ಮ ಕೆಲಸ ನಿಲ್ಲದು ಎಂದು ಅವರಿಗೆ ನಂಬಿಕೆ ಬಂದದ್ದು ಆಗಲೇ.

ಆದರೆ ಚೀಟಿ ಅಂಗಡಿಯವರದು, ಅದರಲ್ಲಿರುವ ಹೆಸರು, ಫೋನ್ ನಂಬರ್ ರೈತರದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಸುಮ್ನೆ ಬಿಡುವಂತಿಲ್ಲ. ಪರೀಕ್ಷೆಯ ಚೀಟಿಗಳಿಂದ ಹೆಸರು, ನಂಬರ್ ಅಳಿಸಿದೆವು. ಅಂಗಡಿ ಅಂಗಡಿಗೆ ಹೋಗಿ ಲಿಖಿತ ಒಪ್ಪಂದ ಮಾಡಿಸಿದೆ. ‘ಇಷ್ಟ ದಿನ ಇಲ್ಲದ್ದು ಈಗ್ಯಾಕ್ರಿ ಸಹಿ?’ ಎಂದರು ಒಬ್ಬ ಹಿರಿಯ ಸಾಹುಕಾರರು. ‘ನಾಳೆ ಕಂಪನಿ ಬ್ಯಾರೆಯವರ ಕೈಗೆ ಹೋದ್ರೂ ನಿಮ್ಮ ಲೆಕ್ಕ ನಿಮ್ಮದಾಗೇ ಇರಬೇಕ್ರಿ’ ಎಂದೆ. ಹಾಗೇ ಬರೆದೂ ಇದ್ದೆವು. ಸಹಿ ಹಾಕಿದರು.

ಕೋಡ್ ವಿಷಯ ಬಹಳ ಜನ ಮರೆಯುತ್ತಾರೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರ ಕೆಲಸದ ಭಾಗವಾಗಿ ಬರೆದದ್ದು ಕಂಪನಿಯದು. ಹೊರಗಿನವರು ಬರೆದುಕೊಟ್ಟದ್ದಕ್ಕೆ ಹಕ್ಕಿನ ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನಮಗೆ ಕೋಡ್ ಬರೆದುಕೊಟ್ಟ ಹುಡುಗರಿಂದ ಎರಡನ್ನೂ ಬಿಡಿಸಿ ಬರೆಸಿಕೊಂಡೆವು.

ಇನ್ನು ಗ್ರಾಸ್ ಲಾಭ, ಅಂದರೆ ಆದಾಯದಲ್ಲಿ ನೇರ ಖರ್ಚು ಕಳೆದು ಉಳಿಯುವುದು. ಎಐ ಬಿಲ್ಲು, ಸರ್ವರ್ ಬಾಡಿಗೆಯ ಜೊತೆಗೆ ಚೀಟಿ ತಪಾಸಣೆ ಮಾಡುವ ಹುಡುಗಿಯರ ಸಂಬಳವನ್ನೂ ನೇರ ಖರ್ಚಿಗೇ ಹಾಕಿದೆ. ಅದನ್ನು ಕಚೇರಿ ಖರ್ಚಿನಲ್ಲಿ ತೋರಿಸಿ ಈ ಲಾಭ ಉಬ್ಬಿಸುವುದು ನನಗೆ ಸರಿ ಕಾಣಲಿಲ್ಲ. ಕೊಳ್ಳುವವರ ಆಡಿಟರ್ ಹೇಗೂ ಹಿಡಿಯುತ್ತಾರೆ, ಆಮೇಲೆ ಯಾವ ಅಂಕಿಯನ್ನೂ ನಂಬುವುದಿಲ್ಲ. ಲಾಭ ನಿಜಕ್ಕೂ ಏರಿದ್ದು ಸುಲಭದ ಚೀಟಿಗಳನ್ನು ಅಗ್ಗದ ಸಣ್ಣ ಮಾಡೆಲ್‌ಗೆ, ಗೊಜಲಾದವನ್ನು ಮಾತ್ರ ದೊಡ್ಡದಕ್ಕೆ ಕಳಿಸಲು ಶುರು ಮಾಡಿದ ಮೇಲೆ.

ಗದಗದ ಹೆಸರುಕಾಳು ಸೀಜನ್ ಆಗಸ್ಟ್ ಹೊತ್ತಿಗೆ, ಹುಬ್ಬಳ್ಳಿಯ ಹತ್ತಿ ಆಮೇಲೆ, ಬ್ಯಾಡಗಿ ಮೆಣಸಿನಕಾಯಿ ಚಳಿಗಾಲದಿಂದ. ಹೀಗೆ ಮೂರೂ ಕಡೆ ಅಂಗಡಿಗಳಿದ್ದದ್ದರಿಂದ ವರ್ಷದ ಬಹುಪಾಲು ದುಡ್ಡು ಬರುತ್ತಿತ್ತು. ಬೆಲೆ ಚೌಕಾಸಿಯಲ್ಲಿ ಇದು ಬಹಳ ಕೆಲಸಕ್ಕೆ ಬಂತು. ಮೆಣಸಿನಕಾಯಿ ಸೀಜನ್ ಪೂರ್ತಿ ನನ್ನ ಫೋನ್ ಇಲ್ಲದೆ ತಂಡವೇ ನಡೆಸಿದ್ದನ್ನೂ ಅವರು ದಾಖಲೆ ಸಮೇತ ನೋಡಿದರು.

ಕೊನೆಗೆ ಷೇರು ಮಾರಿದೆವು. 2024ರ ಜುಲೈ 23ರಿಂದ, ಷೇರುಪೇಟೆಯಲ್ಲಿಲ್ಲದ ಇಂಥ ಕಂಪನಿಯ ಷೇರನ್ನು 24 ತಿಂಗಳು ದಾಟಿ ಇಟ್ಟುಕೊಂಡು ಮಾರಿದ ಲಾಭಕ್ಕೆ ಮೂಲ ತೆರಿಗೆ 12.5%. ಸಿಎ ಹತ್ತಿರ ಇದನ್ನು ಮೊದಲೇ ಲೆಕ್ಕ ಹಾಕಿಸಿ, ಕೈಗೆ ಎಷ್ಟು ಉಳಿಯುತ್ತದೆ ಎಂದು ನೋಡಿಕೊಂಡೇ ದರ ಮಾತಾಡಿದೆ. ಒಂದು ಪಾಲು ಹಣವನ್ನು, ಅಂಗಡಿಗಳು ಗ್ರಾಹಕರಾಗಿ ಉಳಿದರೆ ಮಾತ್ರ ಕೊಡುತ್ತೇವೆ ಎಂದರು ಕೊಳ್ಳುವವರು. ಅಂಗಡಿಗಳ ಒಪ್ಪಂದಗಳು ಕೈಯಲ್ಲಿದ್ದವು, ಒಪ್ಪಿಕೊಂಡೆ.