ರ ಹೋಗಿ ಠ ಆದಾಗ: ಸ್ಕ್ಯಾನ್ ಪುಟಗಳಿಗೆ ಜೇಪೆಗ್ ಬಿಟ್ಟ ಕಥೆ

ಅಜ್ಜನ ಕಾಲದ ಒಂದು ಹಾಡಿನ ಪುಸ್ತಕವನ್ನು ಇದ್ದ ಹಾಗೇ ಮರುಮುದ್ರಿಸಬೇಕಿತ್ತು. ಪುಟಗಳನ್ನು ಸ್ಕ್ಯಾನ್ ಮಾಡಿ, ಜೇಪೆಗ್ ಆಗಿ ಉಳಿಸಿ, ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಕೂರಿಸಿದೆ. ಸ್ಕ್ರೀನ್ ಮೇಲೆ ಚೆನ್ನಾಗೇ ಇತ್ತು. ಪ್ರೂಫ್ (ಪರೀಕ್ಷೆಗೆ ತೆಗೆದ ಮುದ್ರಣ ಪ್ರತಿ) ನೋಡಿದರೆ ಅಕ್ಷರಗಳ ಸುತ್ತ ಬೂದಿ ಚೆಲ್ಲಿದ ಹಾಗೆ ಮಸುಕು, ಒತ್ತಕ್ಷರಗಳು ಮುದ್ದೆ. ಒಂದು ಕಡೆ ‘ರ’ದ ಹೊಟ್ಟೆಯಲ್ಲಿ ಕಲೆ ಬಿದ್ದು ‘ಠ’ ಆಗಿಬಿಟ್ಟಿತ್ತು!

ಮೊದಲು ಸ್ಕ್ಯಾನರ್ ಗಾಜು ಒರೆಸಿದೆ. ಸುಮ್ನೆ ಅರ್ಧ ದಿನ ದಂಡ. ತಪ್ಪು ಫಾರ್ಮ್ಯಾಟ್‌ನದ್ದು. ಜೇಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ಸಣ್ಣ ವಿವರಗಳನ್ನು ಬಿಟ್ಟು ಕುಗ್ಗಿಸುತ್ತದೆ. ಫೋಟೋಗೆ ಅದು ಸರಿ. ಕಪ್ಪು ಅಕ್ಷರ ಬಿಳಿ ಕಾಗದಕ್ಕೆ ತಾಗುವ ಅಂಚಿನಲ್ಲಿ ಮಾತ್ರ ಕೊಳೆ ಕೂರುತ್ತದೆ.

ಮತ್ತೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಗ್ರೇಸ್ಕೇಲ್, ಅಂದರೆ ಬೂದು ಛಾಯೆಗಳಿರುವ ಸ್ಕ್ಯಾನ್ ಮಾಡಿದೆ. ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಥ್ರೆಶೋಲ್ಡ್ ಹಾಕಿದೆ, ಅಂದರೆ ಎಷ್ಟು ಗಾಢ ಬೂದು ಕಪ್ಪಾಗಬೇಕು, ಉಳಿದದ್ದು ಬಿಳಿಯಾಗಬೇಕು ಅನ್ನೋ ಗಡಿ. 127ರಲ್ಲಿ ತೆಳು ಗೆರೆಗಳು ತುಂಡಾದವು, 150ಕ್ಕೆ ಏರಿಸಿದಾಗ ಕೂಡಿಕೊಂಡವು. ಆಮೇಲೆ ಬೂದು ಇಲ್ಲದ, ಬರೀ ಕಪ್ಪು-ಬಿಳುಪಿನ 1-ಬಿಟ್ ಮಾಡಿ, ಸಿಸಿಐಟಿಟಿ ಗ್ರೂಪ್ 4 ಅನ್ನೋ ಕಂಪ್ರೆಷನ್ (ಕುಗ್ಗಿಸುವ ವಿಧಾನ) ಇರುವ ಟಿಫ್ ಫೈಲ್ ಆಗಿ ಉಳಿಸಿದೆ. ಇದರಲ್ಲಿ ಒಂದು ಚುಕ್ಕಿಯೂ ಕಳೆದುಹೋಗುವುದಿಲ್ಲ. ಎ4 ಪುಟವೊಂದು ಗ್ರೇಸ್ಕೇಲ್‌ನಲ್ಲಿ ಕುಗ್ಗಿಸದೆ ಸುಮಾರು 35 ಎಂಬಿ, 1-ಬಿಟ್‌ನಲ್ಲಿ 4.4 ಎಂಬಿ. ಗ್ರೂಪ್ 4 ಅದನ್ನೂ ಇನ್ನಷ್ಟು ಇಳಿಸುತ್ತದೆ.

ಪುಸ್ತಕದಲ್ಲಿದ್ದ ಒಂದೇ ಒಂದು ಫೋಟೋವನ್ನು 300 ಡಿಪಿಐ ಗ್ರೇಸ್ಕೇಲ್‌ನಲ್ಲೇ ಬಿಟ್ಟೆ. ಅದನ್ನು 1-ಬಿಟ್ ಮಾಡಿದರೆ ಮುಖವೆಲ್ಲ ಮಸಿ ಆಗುತ್ತದೆ, ಅಲ್ವಾ?

ಪಿಡಿಎಫ್ ತೆಗೆಯುವಾಗಲೂ ಮಾನೋಕ್ರೋಮ್ (1-ಬಿಟ್) ಚಿತ್ರಗಳಿಗೆ ಗ್ರೂಪ್ 4 ಇದೆಯಾ ಅಂತ ನೋಡಿಕೊಂಡೆ. ಎರಡನೇ ಪ್ರೂಫ್‌ನಲ್ಲಿ ‘ರ’ ವಾಪಸ್ ಬಂತು.